ಮೊದಲು ಓಡಿದ್ದು ಅಪ್ಪ

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಸುತ್ತ ಇದ್ದವು: ದೇವರ ಪ್ರೀತಿ. ಅದು ಇದೆಯಾ ಅಂತ ಕೇಳಿದವರು ಕಡಿಮೆ. ಇದೆ ಅಂತ ಒಪ್ಪಿಕೊಂಡು, ಸರಿ, ಈಗ ನಾನೇನು ಮಾಡಬೇಕು ಅಂತ ಕೇಳಿದವರೇ ಹೆಚ್ಚು. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿ ಇವನ್ನಷ್ಟೇ ಎತ್ತಿಕೊಂಡಿದ್ದೇನೆ. ಹೆಸರು ಯಾರದ್ದೂ ಹಾಕಿಲ್ಲ. ಪತ್ರಗಳನ್ನು ಮೊಟಕು ಮಾಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಬುದ್ಧಿ ಬಂದಾಗಿನಿಂದ ನಾನು ಒಂದು ಭಾನುವಾರವೂ ಆರಾಧನೆ ತಪ್ಪಿಸಿದವಳಲ್ಲ. ಪ್ರಾರ್ಥನೆ, ಉಪವಾಸ, ದಾನ ಎಲ್ಲ ಮಾಡುತ್ತೇನೆ. ಆದರೂ ರಾತ್ರಿ ಮಲಗುವಾಗ 'ಇಷ್ಟು ಸಾಕಾ?' ಅನ್ನಿಸುತ್ತದೆ. ದೇವರು ನನ್ನನ್ನು ಪ್ರೀತಿಸಬೇಕಾದರೆ ಇನ್ನೇನು ಮಾಡಬೇಕು? ಜೀವನವಿಡೀ ಮನಸ್ಸಿಗೆ ಬಂದ ಹಾಗೆ ಇದ್ದು ಕೊನೆಗೆ ಬಂದವರನ್ನೂ ದೇವರು ಅಷ್ಟೇ ಪ್ರೀತಿಸುತ್ತಾರೆ ಅಂದಾಗ ಸಿಟ್ಟೂ ಬರುತ್ತದೆ. ಇದು ತಪ್ಪಾ?

ಉತ್ತರ: ಸಿಟ್ಟು ಬರುತ್ತದೆ ಅಂತ ಬರೆದಿರಲ್ಲ, ಆ ಸಾಲಿಗೆ ಥ್ಯಾಂಕ್ಸ್. ಎಷ್ಟೋ ಜನರಿಗೆ ಬರುತ್ತದೆ, ಹೇಳುವವರು ಕಡಿಮೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಪ್ರಶ್ನೆಯಲ್ಲೇ ಒಂದು ಗಂಟಿದೆ, ಅದನ್ನು ಬಿಡಿಸೋಣ. 'ದೇವರು ನನ್ನನ್ನು ಪ್ರೀತಿಸಬೇಕಾದರೆ' ಅಂದಿರಿ. ಕ್ರೈಸ್ತ ನಂಬಿಕೆಯಲ್ಲಿ ಆ 'ಆದರೆ'ಗೆ ಜಾಗ ಇಲ್ಲ. ಯೋಹಾನನ ಮೊದಲ ಪತ್ರದ 4ನೇ ಅಧ್ಯಾಯ ತೆಗೆದು ನೋಡಿ. ದೇವರು ಪ್ರೀತಿಸ್ವರೂಪಿ ಅನ್ನುವ ಮಾತು ಬರುವುದು ಅಲ್ಲೇ, ಅದೂ ಎರಡು ಸಲ. ಅದೇ ಅಧ್ಯಾಯದ ಕೊನೆಯ ಹೊತ್ತಿಗೆ, ದೇವರು ಮೊದಲು ನಮ್ಮನ್ನು ಪ್ರೀತಿಸಿದ್ದಕ್ಕೆ ನಾವು ಪ್ರೀತಿಸುತ್ತೇವೆ ಅಂತ ಬರೆಯುತ್ತಾನೆ. ಆ 'ಮೊದಲು' ಇದೆಯಲ್ಲ, ಅದು ನಮ್ಮ ಲೆಕ್ಕವನ್ನೆಲ್ಲ ಬುಡಮೇಲು ಮಾಡುತ್ತದೆ. ಪೌಲ ರೋಮಿನವರಿಗೆ ಬರೆಯುವಾಗ ಇನ್ನೂ ಒರಟಾಗಿ ಹೇಳುತ್ತಾನೆ. ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತ ನಮಗಾಗಿ ಸತ್ತರು ಅಂತ. ಅಂದರೆ ನಾವು ತಿದ್ದಿಕೊಳ್ಳುವವರೆಗೆ ಕಾಯಲಿಲ್ಲ, ತಿದ್ದಿಕೊಳ್ಳುತ್ತೇವೆ ಅಂತ ಮಾತು ಕೊಡುವವರೆಗೂ ಕಾಯಲಿಲ್ಲ.

1518ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ, ಪ್ರೊಟೆಸ್ಟಂಟ್ ಸಭೆಗಳಿಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ತನ್ನ ಮಠದವರ ಎದುರು ಚರ್ಚೆಗೆಂದು ಕೆಲವು ವಾಕ್ಯ ಇಟ್ಟರು. 28ನೆಯದರ ತಾತ್ಪರ್ಯ ಇಷ್ಟು: ಮನುಷ್ಯನ ಪ್ರೀತಿ ತನಗೆ ಹಿಡಿಸಿದ್ದನ್ನು ಕಂಡು ಹುಟ್ಟುತ್ತದೆ, ದೇವರ ಪ್ರೀತಿ ತನಗೆ ಹಿಡಿಸುವುದನ್ನು ತಾನೇ ಹುಟ್ಟಿಸುತ್ತದೆ. ಪಾಪಿಗಳು ಚೆಂದ ಇದ್ದಾರೆ ಅಂತ ಪ್ರೀತಿ ಬಂದಿದ್ದಲ್ಲ, ಪ್ರೀತಿ ಸಿಕ್ಕಿದ್ದಕ್ಕೆ ಅವರು ಚೆಂದ ಆದರು. ಲೂಥರ್ ಬಗ್ಗೆ ನಿಮ್ಮ ಸಭೆಯ ಅಭಿಪ್ರಾಯ ಏನೇ ಇರಲಿ, ಈ ಒಂದು ಮಾತನ್ನು ಇಟ್ಟುಕೊಳ್ಳಿ.

ಈಗ ಲೂಕನ ಸುವಾರ್ತೆಯ 15ನೇ ಅಧ್ಯಾಯ. ಇಬ್ಬರು ಗಂಡುಮಕ್ಕಳ ಕತೆ ನಿಮಗೆ ಬಾಯಿಪಾಠವೇ ಇರುತ್ತದೆ. ಚಿಕ್ಕವನು ಅಪ್ಪ ಬದುಕಿರುವಾಗಲೇ ಪಾಲು ಕೇಳಿ, ದೂರದೇಶಕ್ಕೆ ಹೋಗಿ ಎಲ್ಲ ಹಾಳು ಮಾಡಿ, ಹಂದಿ ಮೇಯಿಸುವ ಗತಿಗೆ ಬರುತ್ತಾನೆ. ಅಲ್ಲಿ ಕೂತು ಅಪ್ಪನಿಗೆ ಹೇಳಲು ಒಂದು ಮಾತು ಸಿದ್ಧ ಮಾಡಿಕೊಳ್ಳುತ್ತಾನೆ. ಅದರಲ್ಲಿ ಮೂರು ತುಂಡು. ಅಪ್ಪಾ, ನಾನು ಪಾಪ ಮಾಡಿದ್ದೇನೆ. ನಿನ್ನ ಮಗ ಅನ್ನಿಸಿಕೊಳ್ಳುವ ಯೋಗ್ಯತೆ ನನಗಿಲ್ಲ. ನನ್ನನ್ನು ನಿನ್ನ ಕೂಲಿಯಾಳುಗಳಲ್ಲಿ ಒಬ್ಬನ ಹಾಗೆ ಇಟ್ಟುಕೋ. ದಾರಿಯುದ್ದಕ್ಕೂ ಅದನ್ನೇ ಉರು ಹೊಡೆಯುತ್ತಾ ಬಂದಿರಬೇಕು, ಪಾಪ. ಈಗ 18, 19ನೇ ವಚನವನ್ನೂ 21ನೇ ವಚನವನ್ನೂ ಅಕ್ಕಪಕ್ಕ ಇಟ್ಟು ಓದಿ. ಅಪ್ಪನ ಎದುರು ಅವನ ಬಾಯಿಂದ ಮೊದಲ ಎರಡು ತುಂಡು ಬರುತ್ತವೆ. ಕೂಲಿಯ ಮಾತು ಬರುವುದೇ ಇಲ್ಲ. ಅಷ್ಟರಲ್ಲಿ ಅಪ್ಪ ಆಳುಗಳ ಕಡೆ ತಿರುಗಿ, ಬೇಗ ಒಳ್ಳೆ ನಿಲುವಂಗಿ ತನ್ನಿ, ಬೆರಳಿಗೆ ಉಂಗುರ ಹಾಕಿ, ಕಾಲಿಗೆ ಚಪ್ಪಲಿ ಕೊಡಿ ಅನ್ನುತ್ತಿದ್ದಾನೆ. (ಕೆಲವು ಹಳೆಯ ಕೈಬರಹದ ಪ್ರತಿಗಳಲ್ಲಿ ಆ ಮೂರನೇ ತುಂಡನ್ನೂ ಸೇರಿಸಿದ್ದಾರೆ. ನಕಲು ಮಾಡುತ್ತಿದ್ದವರಿಗೆ ಮಾತು ಅರ್ಧಕ್ಕೆ ನಿಂತಂತೆ ಅನ್ನಿಸಿತೇನೋ!)

ಇನ್ನೊಂದನ್ನು ಗಮನಿಸಿ. ಮಗ ಇನ್ನೂ ದೂರದಲ್ಲಿರುವಾಗಲೇ ಅಪ್ಪ ಓಡಿ ಹೋಗಿ ತಬ್ಬಿಕೊಂಡು ಮುದ್ದಿಡುತ್ತಾನೆ. ಮಗ ಬಾಯಿ ಬಿಡುವುದು ಅದಾದ ಮೇಲೆ. ಪಶ್ಚಾತ್ತಾಪದ ಮಾತು ಕೇಳಿಸಿಕೊಂಡು, ಸರಿಯಿದೆಯಾ ನೋಡಿ, ಆಮೇಲೆ ಓಡಿದ್ದಲ್ಲ. ಆ ಕಾಲದಲ್ಲಿ ಆಳುಕಾಳು ಇರುವ ಮನೆಯ ಯಜಮಾನ ಎಲ್ಲರ ಕಣ್ಣೆದುರು ಬಟ್ಟೆ ಎತ್ತಿ ಹಿಡಿದು ಓಡುವುದು ಮರ್ಯಾದೆಯ ವಿಷಯವೂ ಆಗಿರಲಿಲ್ಲ.

ಈಗ ನಿಮ್ಮ ಸಿಟ್ಟು. ದೊಡ್ಡ ಮಗ ಹೊಲದಿಂದ ಬಂದು, ಹಾಡು ಕುಣಿತ ಕೇಳಿ, ಒಳಗೆ ಬರಲ್ಲ ಅಂತ ಹೊರಗೇ ನಿಲ್ಲುತ್ತಾನೆ. ಅವನ ಬಾಯಿಂದ ಬರುವ ಮೊದಲ ಮಾತು, ಇಷ್ಟು ವರ್ಷ ನಿನ್ನ ಸೇವೆ ಮಾಡಿದ್ದೇನೆ ಅಂತ. ಗ್ರೀಕಿನಲ್ಲಿ ಅಲ್ಲಿರುವ ಕ್ರಿಯಾಪದ ಗುಲಾಮನ ದುಡಿಮೆಗೆ ಬಳಸುವಂಥದ್ದು. ನೋಡಿ, ಚಿಕ್ಕವನು ಮನೆಗೆ ಕೂಲಿಯಾಗಿ ಬರಲು ಹೊರಟಿದ್ದ. ದೊಡ್ಡವನು ಮನೆಯಲ್ಲೇ ಇದ್ದೂ ಇಷ್ಟು ದಿನ ತನ್ನನ್ನು ಕೂಲಿ ಅಂದುಕೊಂಡಿದ್ದ. ಕಾಯಿಲೆ ಇಬ್ಬರದೂ ಒಂದೇ. 'ಇಷ್ಟು ಸಾಕಾ?' ಅನ್ನುವುದೂ ಕೂಲಿಯವನ ಪ್ರಶ್ನೆಯೇ ಅಲ್ವಾ? ಸಂಜೆ ಲೆಕ್ಕ ಕೊಡಬೇಕಾದವನಿಗೆ ಬರುವ ಚಿಂತೆ ಅದು. ಅಪ್ಪ ಅವನಿಗೆ ಬೈಯುವುದಿಲ್ಲ. ಅವನಿಗಾಗಿಯೂ ಹೊರಗೆ ಬರುತ್ತಾನೆ, ಬೇಡಿಕೊಳ್ಳುತ್ತಾನೆ. ಮಗನೇ, ನೀನು ಯಾವಾಗಲೂ ನನ್ನ ಜೊತೆಗಿದ್ದೀಯ, ನನ್ನದೆಲ್ಲ ನಿನ್ನದೇ ಅನ್ನುತ್ತಾನೆ. ಒಂದೇ ದಿನ ಆ ಮುದುಕ ಎರಡು ಸಲ ಮನೆಯಿಂದ ಹೊರಗೆ ಬಂದ, ಒಬ್ಬೊಬ್ಬ ಮಗನಿಗೆ ಒಂದೊಂದು ಸಲ.

ಉಪವಾಸ, ದಾನ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಖಂಡಿತ ಮಾಡಿ. ಮಲಗುವಾಗ ಲೆಕ್ಕ ಹಾಕುವುದನ್ನು ಮಾತ್ರ ಬಿಡಿ. ಕೆಲವು ರಾತ್ರಿ ಪ್ರಾರ್ಥನೆಗೆ ಬದಲು 'ನನ್ನದೆಲ್ಲ ನಿನ್ನದೇ' ಅನ್ನುವ ಆ ಮಾತನ್ನು ಸುಮ್ನೆ ಕೇಳಿಸಿಕೊಂಡು ಮಲಗಿ.

ಪ್ರಶ್ನೆ: ನನಗೆ 24 ವರ್ಷ. ದೇವರೇ ನಿನ್ನನ್ನು ಪ್ರೀತಿಸುತ್ತೇನೆ ಅಂತ ಎಲ್ಲರ ಜೊತೆ ಹಾಡುತ್ತೇನೆ, ಒಳಗೆ ಏನೂ ಆಗುವುದಿಲ್ಲ. ಪಕ್ಕದಲ್ಲಿ ನಿಂತವರು ಕಣ್ಣೀರು ಹಾಕುತ್ತಾರೆ. ನಾನು ಗಡಿಯಾರ ನೋಡುತ್ತೇನೆ. ನಾನು ಮಾಡುತ್ತಿರುವುದು ನಾಟಕವಾ?

ಉತ್ತರ: ಗಡಿಯಾರ ನಾನೂ ನೋಡುತ್ತೇನೆ. ಅದರಲ್ಲೂ ಪ್ರಸಂಗ ಉದ್ದವಾದಾಗ.

ಒಬ್ಬ ಶಾಸ್ತ್ರಿ ಬಂದು ಎಲ್ಲಕ್ಕಿಂತ ದೊಡ್ಡ ಆಜ್ಞೆ ಯಾವುದು ಅಂತ ಕೇಳಿದಾಗ ಯೇಸುಸ್ವಾಮಿ ಧರ್ಮೋಪದೇಶಕಾಂಡದ ಮಾತನ್ನೇ ಹೇಳಿದರು. ನಿನ್ನ ದೇವರನ್ನು ಪೂರ್ಣ ಹೃದಯದಿಂದ, ಪ್ರಾಣದಿಂದ, ಬುದ್ಧಿಯಿಂದ, ಶಕ್ತಿಯಿಂದ ಪ್ರೀತಿಸು. ಜೊತೆಗೆ ಯಾಜಕಕಾಂಡದ ಇನ್ನೊಂದನ್ನು ಸೇರಿಸಿದರು, ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅಂತ. ಎರಡೂ ಆಜ್ಞೆಗಳು. ಈಗ ಯೋಚನೆ ಮಾಡಿ, ಭಾವನೆಗೆ ಆಜ್ಞೆ ಕೊಡಲು ಆಗುತ್ತದಾ? 'ಏಯ್, ಈಗ ಖುಷಿಪಡು' ಅಂದರೆ ಯಾರಾದರೂ ಖುಷಿಪಡುತ್ತಾರಾ? ಹಾಗಾದರೆ ಇಲ್ಲಿ ಪ್ರೀತಿಸು ಅಂದಿದ್ದು ಮನುಷ್ಯ ಮನಸ್ಸು ಮಾಡಿದರೆ ಮಾಡಬಹುದಾದ ಯಾವುದಕ್ಕೋ ಅಂತ ಆಯಿತು. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯ ಮದುವೆಗಳಲ್ಲೆಲ್ಲ ಓದುತ್ತಾರೆ. ಅದರಲ್ಲಿ 4ರಿಂದ 7ನೇ ವಚನದವರೆಗೆ ಪ್ರೀತಿಯ ಬಗ್ಗೆ 15 ಮಾತಿದೆ. ನಾವು ಓದುವಾಗ ಅವು ಪ್ರೀತಿಯ ಗುಣಗಳ ಹಾಗೆ ಕೇಳುತ್ತವೆ, ತಾಳ್ಮೆ, ದಯೆ ಹೀಗೆ. ಮೂಲ ಗ್ರೀಕಿನಲ್ಲಿ 15ಕ್ಕೆ 15ಕ್ಕೂ ಕ್ರಿಯಾಪದ ಇದೆ. ಪ್ರೀತಿ ತಾಳುತ್ತದೆ, ಉಪಕಾರ ಮಾಡುತ್ತದೆ, ಜಂಬ ಕೊಚ್ಚುವುದಿಲ್ಲ, ಅಪಕಾರದ ಲೆಕ್ಕ ಬರೆದಿಡುವುದಿಲ್ಲ. ಎದೆ ಬೆಚ್ಚಗಾಗುತ್ತದೆ, ಕಣ್ಣು ತುಂಬುತ್ತದೆ ಅಂತ ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ಹೆಸೆದ್ ಅಂತ ಒಂದು ಪದ ಇದೆ. ಅದಕ್ಕೆ ಸರಿಹೊಂದುವ ಒಂದೇ ಒಂದು ಕನ್ನಡ ಪದ ಇಲ್ಲ. ಕೊಟ್ಟ ಮಾತಿಗೆ ಕಟ್ಟುಬಿದ್ದು, ಎದುರಿನವರು ಹೇಗೇ ಇದ್ದರೂ ಕೈಬಿಡದೆ ಉಳಿಯುವ ಪ್ರೀತಿ ಅನ್ನಬಹುದು. 136ನೇ ಕೀರ್ತನೆಯಲ್ಲಿ 26 ವಚನ ಇವೆ, 26ಕ್ಕೂ ಕೊನೆಯಲ್ಲಿ ಅದೇ ಪಲ್ಲವಿ, ದೇವರ ಹೆಸೆದ್ ಎಂದೆಂದಿಗೂ ಇರುತ್ತದೆ ಅಂತ. ಓದುತ್ತಾ ಹೋದರೆ ನಡುವೆ ಬೇಸರ ಬರುತ್ತದೆ, ನಿಜ ಹೇಳುತ್ತೇನೆ. ಆದರೆ ದಿನಾ ಇರುವ ಪ್ರೀತಿ ಇರುವುದೇ ಹಾಗೆ. ಅದೇ ಮಾತು, ಮತ್ತೆ ಅದೇ ಮಾತು.

ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. 2007ರಲ್ಲಿ ಅವರ ಖಾಸಗಿ ಪತ್ರಗಳು ಅಚ್ಚಾದಾಗ ಓದಿದವರು ಬೆಚ್ಚಿಬಿದ್ದರು. ಸುಮಾರು ಐವತ್ತು ವರ್ಷ ಅವರಿಗೆ ಪ್ರಾರ್ಥನೆಯಲ್ಲಿ ಕಂಡದ್ದು ಬಹುಪಾಲು ಬರೀ ಕತ್ತಲು, ಖಾಲಿತನ. ತನ್ನ ನಗು ಒಂದು ಮುಸುಕು ಅಂತಲೂ ತಮ್ಮ ಗುರುಗಳಿಗೆ ಬರೆದಿದ್ದರು. ಅಷ್ಟಾದರೂ ಬೆಳಗಿನ ಪ್ರಾರ್ಥನೆಗೆ ಏಳುವುದನ್ನು ಬಿಡಲಿಲ್ಲ, ಸಾಯುತ್ತಿದ್ದವರ ಪಕ್ಕ ಕೂರುವುದನ್ನೂ ಬಿಡಲಿಲ್ಲ. ಅದನ್ನು ನಾಟಕ ಅನ್ನಲು ನನಗೆ ಬಾಯಿ ಬರುವುದಿಲ್ಲ. ಹಾಗಂತ ಏನೂ ಅನ್ನಿಸದಿರುವುದು ದೊಡ್ಡ ಭಕ್ತಿಯ ಗುರುತು ಅಂತಲೂ ಅಂದುಕೊಳ್ಳಬೇಡಿ. ಕೆಲವು ಸಲ ಬರೀ ನಿದ್ದೆ ಸಾಲದೆ ಹೀಗಾಗುತ್ತದೆ. ಪ್ರಾರ್ಥನೆಯಲ್ಲಿ ಮಾತ್ರವಲ್ಲ, ಸ್ನೇಹಿತರ ಜೊತೆ, ಇಷ್ಟದ ಕೆಲಸದಲ್ಲಿ, ಯಾವುದರಲ್ಲೂ ರುಚಿ ಇಲ್ಲದೆ ವಾರಗಟ್ಟಲೆ ಆಗಿದ್ದರೆ ಮೊದಲು ಒಬ್ಬ ವೈದ್ಯರನ್ನು ನೋಡಿ. ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

ಹಾಡುವಾಗ 'ಪ್ರೀತಿಸುತ್ತೇನೆ' ಅನ್ನಲು ಗಂಟಲು ಹಿಡಿದರೆ, 'ಪ್ರೀತಿಸಬೇಕು ಅಂತ ಇದೆ' ಅಂತ ಒಳಗೊಳಗೇ ಹೇಳಿಕೊಳ್ಳಿ. ದೇವರಿಗೆ ಅಷ್ಟು ನಿಜ ಸಾಕು.

ಪ್ರಶ್ನೆ: ಗ್ರೀಕ್ ಭಾಷೆಯಲ್ಲಿ ದೇವರ ಪ್ರೀತಿಗೆ ಅಗಾಪೆ ಅಂತ ಬೇರೆಯೇ ಪದ ಇದೆ, ಮನುಷ್ಯರ ಪ್ರೀತಿಗೆ ಅದನ್ನು ಬಳಸುವುದಿಲ್ಲ ಅಂತ ಒಂದು ವಿಡಿಯೋದಲ್ಲಿ ಕೇಳಿದೆ. ನಿಜವಾ?

ಉತ್ತರ: ಅರ್ಧ ನಿಜ. ಹೊಸ ಒಡಂಬಡಿಕೆ ಬರೆದವರಿಗೆ ಆ ಪದ ಬಹಳ ಪ್ರಿಯ, ದೇವರ ಪ್ರೀತಿಯನ್ನು ಹೇಳಲು ಅದನ್ನೇ ಜಾಸ್ತಿ ಬಳಸಿದರು, ಅದಕ್ಕೊಂದು ಹೊಸ ತೂಕ ಬಂದದ್ದೂ ಅವರಿಂದಲೇ. ಆದರೆ ಪದದಲ್ಲೇ ಪವಿತ್ರತೆ ತುಂಬಿದೆ ಅನ್ನುವುದು ಅತಿಯಾಯಿತು. ಹಳೆಯ ಒಡಂಬಡಿಕೆಯನ್ನು ಕ್ರಿಸ್ತನಿಗಿಂತ ಮೊದಲೇ ಗ್ರೀಕಿಗೆ ತಂದಿದ್ದರು. ಅದರಲ್ಲಿ ದಾವೀದನ ಮಗ ಅಮ್ನೋನ ತನ್ನ ತಂಗಿ ತಾಮಾರಳನ್ನು ಕೆಡಿಸುವ ಭಯಂಕರ ಕತೆ ಇದೆ. ಅವನ ಕೆಟ್ಟ ಆಸೆಗೂ ಅಲ್ಲಿ ಇದೇ ಪದ! ಜನ ಬೆಳಕಿಗಿಂತ ಕತ್ತಲನ್ನೇ ಪ್ರೀತಿಸಿದರು ಅಂತ ಯೋಹಾನ ಬರೆಯುವಾಗಲೂ ಇದೇ. ದೇಮ ಅನ್ನುವವನು ಈ ಲೋಕವನ್ನು ಪ್ರೀತಿಸಿ ತನ್ನನ್ನು ಬಿಟ್ಟುಹೋದ ಅಂತ ಪೌಲನ ಪತ್ರದಲ್ಲಿ ಬರುವಾಗಲೂ ಇದೇ. ಆ ಕಡೆ, ತಂದೆ ಮಗನನ್ನು ಪ್ರೀತಿಸುತ್ತಾರೆ ಅಂತ ಯೋಹಾನನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಹೇಳುವಲ್ಲಿ ಸ್ನೇಹಕ್ಕೆ ಬಳಸುವ ಇನ್ನೊಂದು ಪದ ಇದೆ.

ಹಾಗಾಗಿ ನಿಘಂಟಿನಿಂದ ದೇವರ ಪ್ರೀತಿ ಎಂಥದ್ದು ಅಂತ ತಿಳಿಯುವುದಿಲ್ಲ. ಕ್ರೈಸ್ತರು ಅದನ್ನು ತಿಳಿಯುವುದು ಒಬ್ಬ ವ್ಯಕ್ತಿಯನ್ನು ನೋಡಿ, ಅವರು ಯಾರ ಜೊತೆ ಊಟಕ್ಕೆ ಕೂತರು, ಯಾರನ್ನು ಮುಟ್ಟಿದರು, ಹೇಗೆ ಸತ್ತರು ಅನ್ನುವುದನ್ನು ನೋಡಿ.

ಪ್ರಶ್ನೆ: ದೇವರು ಪ್ರೀತಿ ಅನ್ನುತ್ತೀರಿ. ಹಳೆಯ ಒಡಂಬಡಿಕೆ ತೆಗೆದರೆ ಕೋಪವೇ ಕೋಪ. ನನ್ನ ಅಮ್ಮನಿಗೆ ಕಾಯಿಲೆ ಬಂದಾಗಲೂ 'ದೇವರು ಶಿಕ್ಷಿಸುತ್ತಿದ್ದಾರೆ' ಅಂದವರಿದ್ದಾರೆ.

ಉತ್ತರ: ಅಮ್ಮನ ವಿಷಯ ಮೊದಲು. ಹುಟ್ಟುಕುರುಡನನ್ನು ತೋರಿಸಿ ಶಿಷ್ಯರೂ ಇದನ್ನೇ ಕೇಳಿದ್ದರು, ಪಾಪ ಮಾಡಿದವರು ಯಾರು, ಇವನಾ ಇವನ ಅಪ್ಪ ಅಮ್ಮನಾ ಅಂತ. ಇವನೂ ಅಲ್ಲ, ಅವರೂ ಅಲ್ಲ ಅಂದರು ಯೇಸುಸ್ವಾಮಿ. ಅಮ್ಮನ ಹತ್ತಿರ ಬಂದು ಹಾಗೆ ಹೇಳುವವರಿಗೆ ಯೋಹಾನನ 9ನೇ ಅಧ್ಯಾಯ ತೋರಿಸಿ. ಅವರು ಒಪ್ಪದಿದ್ದರೆ ಬಾಗಿಲು ತೋರಿಸಿ.

ಕೋಪದ ವಿಷಯಕ್ಕೆ ಹೋಶೇಯನ 11ನೇ ಅಧ್ಯಾಯ ಓದಿ, ಚಿಕ್ಕದಿದೆ. ಹೋಶೇಯ ಕ್ರಿಸ್ತಪೂರ್ವ 8ನೇ ಶತಮಾನದ ಪ್ರವಾದಿ. ಅಲ್ಲಿ ದೇವರು ಇಸ್ರಾಯೇಲನ್ನು ನೆನೆದು ಮಾತಾಡುತ್ತಾರೆ. ನಾನೇ ಅವನಿಗೆ ತೋಳು ಹಿಡಿದು ನಡೆಯಲು ಕಲಿಸಿದೆ, ಅವನಿಗೆ ಅದು ಗೊತ್ತೇ ಆಗಲಿಲ್ಲ ಅನ್ನುತ್ತಾರೆ. ಮಗು ನಮ್ಮ ಬೆರಳು ಹಿಡಿದು ಹೆಜ್ಜೆ ಹಾಕುವಾಗ ಅದರ ಕಣ್ಣೆಲ್ಲ ಮುಂದೆ ಇರುತ್ತದೆ, ಹಿಡಿದವರ ಮುಖ ನೋಡುವುದಿಲ್ಲ, ಹಾಗೆ. ಆಮೇಲೆ ಕೋಪ ಬರುತ್ತದೆ, ಕತ್ತಿಯ ಮಾತೂ ಬರುತ್ತದೆ. ಮಧ್ಯದಲ್ಲಿ ಥಟ್ಟನೆ ಮಾತು ಮುರಿಯುತ್ತದೆ. ಎಫ್ರಾಯೀಮೇ (ಇಸ್ರಾಯೇಲಿಗೇ ಇನ್ನೊಂದು ಹೆಸರು), ನಿನ್ನನ್ನು ಹೇಗೆ ಬಿಟ್ಟುಬಿಡಲಿ? ನನ್ನ ಕೋಪ ತೀರಿಸಿಕೊಳ್ಳುವುದಿಲ್ಲ, ಯಾಕೆಂದರೆ ನಾನು ದೇವರು, ಮನುಷ್ಯನಲ್ಲ. ನಾವು ಅಂದುಕೊಂಡಿರುವುದು ಇದರ ಉಲ್ಟಾ. ದೇವರು ಅಂದಮೇಲೆ ಸುಟ್ಟುಬಿಡುತ್ತಾರೆ, ಮನುಷ್ಯನಾದರೆ ಪಾಪ ಅಂತ ಬಿಡುತ್ತಾನೆ ಅಂತ. ಅಲ್ಲಿ ದೇವರು ಸುಡದೆ ಇರಲು ಕೊಡುವ ಕಾರಣವೇ ತಾನು ದೇವರು ಅನ್ನುವುದು.

ಆದರೂ ಮುಚ್ಚಿಡಬಾರದು, ಸುಮಾರು ಕ್ರಿಸ್ತಪೂರ್ವ 722ರಲ್ಲಿ ಆ ಇಸ್ರಾಯೇಲಿನ ರಾಜಧಾನಿ ಸಮಾರ್ಯ ಅಸ್ಸೀರಿಯದವರ ಕೈಗೆ ಬಿತ್ತು. ಪ್ರೀತಿ ಇದ್ದ ಕಡೆ ಮಾಡಿದ್ದರ ಫಲ ಬರುವುದೇ ಇಲ್ಲ ಅಂತ ಬೈಬಲ್ ಎಲ್ಲೂ ಹೇಳುವುದಿಲ್ಲ. ಉಳಿದ ಕಷ್ಟದ ಭಾಗಗಳ ಬಗ್ಗೆ ಒಂದು ಕಾಲಂನಲ್ಲಿ ಉತ್ತರ ಕೊಟ್ಟರೆ ಅದು ಸುಳ್ಳಾಗುತ್ತದೆ.

ಪ್ರಶ್ನೆ: ಹತ್ತು ವರ್ಷದ ಹಿಂದೆ ನನ್ನನ್ನು ನಂಬಿದ ಒಬ್ಬರಿಗೆ ದುಡ್ಡಿನ ವಿಷಯದಲ್ಲಿ ಮೋಸ ಮಾಡಿದೆ. ಪಾಪನಿವೇದನೆ ಅದೆಷ್ಟು ಸಲ ಮಾಡಿದೆನೋ. ಪ್ರತಿ ಸಲ ಕ್ಷಮೆ ಸಿಕ್ಕಿದೆ ಅನ್ನುತ್ತಾರೆ ಗುರುಗಳು. ನನಗೆ ನಂಬಿಕೆ ಬರುವುದಿಲ್ಲ. ಇಷ್ಟು ಸುಲಭವಾಗಿ ಕ್ಷಮೆ ಸಿಗಬಾರದು ಅನ್ನಿಸುತ್ತದೆ.

ಉತ್ತರ: ಕೆಲವು ವರ್ಷದ ಹಿಂದೆ ಬಿದ್ದು ಬಲಗೈ ಮುರಿದುಕೊಂಡೆ. ಆರು ವಾರ ಕಟ್ಟು. ಆಗ ಅಂಗಿಯ ಗುಂಡಿ ಹಾಕಿಕೊಡುತ್ತಿದ್ದದ್ದು ನನ್ನ ತಮ್ಮ. ಅವನ ಜೊತೆ ಆಗ ನನಗೆ ಅಷ್ಟು ಸರಿ ಇರಲಿಲ್ಲ, ಅವನ ಕಷ್ಟಕ್ಕೆ ನಾನು ಆಗಿರಲಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಅವನು ಏನೂ ಹೇಳದೆ ಕೆಳಗಿನ ಗುಂಡಿಯಿಂದ ಶುರು ಮಾಡಿ ಮೇಲಕ್ಕೆ ಬರುತ್ತಿದ್ದ. ಕುತ್ತಿಗೆಯ ಹತ್ತಿರ ಬಂದಾಗ ಅವನ ಮುಖ ನನ್ನ ಮುಖಕ್ಕೆ ಒಂದು ಗೇಣು ದೂರ. ನಾನು ಸೂರು ನೋಡುತ್ತಿದ್ದೆ. ಮುರಿದ ಮೂಳೆಗಿಂತ ಅದೇ ಜಾಸ್ತಿ ನೋವು ಕೊಟ್ಟಿದ್ದು. ಬೈದಿದ್ದರೆ ಆರಾಮಾಗಿ ಇರುತ್ತಿದ್ದೆ.

ಹಾಗಾಗಿ ಕ್ಷಮೆ 'ಸುಲಭ' ಅಂತ ನೀವು ಬರೆದಿದ್ದನ್ನು ನಾನು ಒಪ್ಪುವುದಿಲ್ಲ. ತೆಗೆದುಕೊಳ್ಳುವುದು ಬಹಳ ಕಷ್ಟದ ಕೆಲಸ. ಪೇತ್ರನಿಗೂ ಹಾಗೇ ಆಯಿತು. ಕೊನೆಯ ಊಟದ ರಾತ್ರಿ ಯೇಸುಸ್ವಾಮಿ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆಯುತ್ತಾ ಬಂದಾಗ, ನೀವು ನನ್ನ ಕಾಲು ಎಂದಿಗೂ ತೊಳೆಯಕೂಡದು ಅಂದ. ಅದು ವಿನಯದ ಮಾತಿನ ಹಾಗೆ ಕೇಳುತ್ತದೆ. ನನಗೇನೋ ಅದರಲ್ಲಿ ಸ್ವಲ್ಪ ಜಂಬವೂ ಕಾಣುತ್ತದೆ, ನಾನು ಸೂರು ನೋಡುತ್ತಿದ್ದೆನಲ್ಲ, ಅಂಥದ್ದು. ತೊಳೆಯದಿದ್ದರೆ ನನ್ನ ಜೊತೆ ನಿನಗೆ ಪಾಲಿಲ್ಲ ಅಂದಮೇಲೆಯೇ ಅವನು ಕಾಲು ಚಾಚಿದ್ದು.

ಅದೇ ರಾತ್ರಿ ಪೇತ್ರ ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಾ, ಅವರು ಯಾರೋ ನನಗೆ ಗೊತ್ತಿಲ್ಲ ಅಂತ ಮೂರು ಸಲ ಹೇಳಿಬಿಟ್ಟ. ಯೋಹಾನ ಅಲ್ಲಿ ಬರೆಯುವುದು ಇದ್ದಲ ಬೆಂಕಿ ಅಂತ. ಆ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಕಡೆ. ಒಂದು ಅಲ್ಲಿ. ಇನ್ನೊಂದು 21ನೇ ಅಧ್ಯಾಯದಲ್ಲಿ, ಪುನರುತ್ಥಾನವಾದ ಮೇಲೆ, ಕೆರೆಯ ದಂಡೆಯಲ್ಲಿ. ರಾತ್ರಿಯೆಲ್ಲ ಮೀನು ಸಿಗದೆ ಸುಸ್ತಾದ ಶಿಷ್ಯರು ಬೆಳಗ್ಗೆ ದಡಕ್ಕೆ ಬಂದರೆ ಇದ್ದಲ ಬೆಂಕಿ ಉರಿಯುತ್ತಿದೆ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಆ ಹೊಗೆಯ ವಾಸನೆ ಮೂಗಿಗೆ ಬಡಿದಾಗ ಪೇತ್ರನಿಗೆ ಏನು ನೆನಪಾಗಿರಬೇಕು? ಯೇಸುಸ್ವಾಮಿ ಮೊದಲು ಹೇಳಿದ್ದು, ಬನ್ನಿ, ಊಟ ಮಾಡಿ ಅಂತ. ಊಟ ಆದಮೇಲೆ ಮೂರು ಸಲ ಕೇಳಿದರು, ನನ್ನನ್ನು ಪ್ರೀತಿಸುತ್ತೀಯಾ? ಯಾಕೆ ಹಾಗೆ ಮಾಡಿದೆ ಅಂತ ಕೇಳಲಿಲ್ಲ. ಇನ್ನು ಮೇಲೆ ಮಾಡಲ್ಲ ತಾನೇ ಅಂತಲೂ ಕೇಳಲಿಲ್ಲ. ಮೂರನೇ ಸಲ ಕೇಳಿದಾಗ ಪೇತ್ರನಿಗೆ ದುಃಖವಾಯಿತು. ಅಂದರೆ ಆ ಗಾಯವನ್ನು ಮುಟ್ಟದೆ ಬಿಡಲಿಲ್ಲ, ಮುಟ್ಟಿಯೇ ವಾಸಿ ಮಾಡಿದರು. ಪ್ರತಿ ಉತ್ತರದ ಹಿಂದೆಯೇ ಒಂದು ಕೆಲಸ ಕೊಟ್ಟರು, ನನ್ನ ಕುರಿಗಳನ್ನು ಮೇಯಿಸು ಅಂತ.

ಈಗ ನಿಮ್ಮನ್ನು ಒಂದು ಮಾತು ನೇರವಾಗಿ ಕೇಳುತ್ತೇನೆ. ಆ ದುಡ್ಡು ವಾಪಸ್ ಕೊಟ್ಟಿರಾ? ಪತ್ರವನ್ನು ಎರಡು ಸಲ ಓದಿದೆ, ಎಲ್ಲೂ ಬರೆದಿಲ್ಲ. ಸುಂಕದವರ ಮುಖ್ಯಸ್ಥ ಜಕ್ಕಾಯನೂ ದುಡ್ಡಿನ ಮೋಸದವನೇ. ಅವನಿನ್ನೂ ಮರದ ಮೇಲೆ ಕೂತಿದ್ದ, ಒಂದು ಕಾಸೂ ಹಿಂದಿರುಗಿಸಿರಲಿಲ್ಲ, ಆಗಲೇ ಯೇಸುಸ್ವಾಮಿ ಕೆಳಗೆ ನಿಂತು, ಬೇಗ ಇಳಿದು ಬಾ, ಇವತ್ತು ನಿನ್ನ ಮನೆಯಲ್ಲೇ ಉಳಿಯಬೇಕು ಅಂದರು. ಆಮೇಲೆ ಅವನೇ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದ್ದರೆ ನಾಲ್ಕರಷ್ಟು ವಾಪಸ್ ಅಂದ. ಅದು ಕ್ಷಮೆಗೆ ಕಟ್ಟಿದ ಬೆಲೆಯಲ್ಲ, ಬೆಲೆ ಕೇಳುವ ಮೊದಲೇ ಅವನಿಗೆ ಸಿಕ್ಕಾಗಿತ್ತು. ಆದರೆ ಸಿಕ್ಕಿದ ಮೇಲೆ ಆ ದುಡ್ಡನ್ನು ಇಟ್ಟುಕೊಂಡು ಕೂರಲು ಅವನಿಂದ ಆಗಲಿಲ್ಲ. ನಿಮಗೆ ನಂಬಿಕೆ ಬಾರದೆ ಇರುವುದಕ್ಕೆ ಕಾರಣ ಬಹುಶಃ ದೇವರ ಕಡೆ ಇಲ್ಲ. ಆ ಮನುಷ್ಯರ ವಿಳಾಸ ಹುಡುಕಿ. ಒಟ್ಟಿಗೆ ಆಗದಿದ್ದರೆ ಕಂತಿನಲ್ಲಿ ಕೊಡಿ. ಅವರು ಬಾಗಿಲು ಹಾಕಿಕೊಂಡರೆ ಅದು ಅವರ ಹಕ್ಕು, ದುಡ್ಡು ಮಾತ್ರ ತಲುಪಿಸಿ ಬನ್ನಿ.

ಪ್ರಶ್ನೆ: ಗಂಡ ಕುಡಿದು ಬಂದು ಹೊಡೆಯುತ್ತಾರೆ. ಸಭೆಯ ಹಿರಿಯರೊಬ್ಬರು, ಕ್ರಿಸ್ತ ಸಹಿಸಲಿಲ್ಲವೇ, ನೀನೂ ಪ್ರೀತಿಯಿಂದ ಸಹಿಸು, ಅದೇ ದೇವರ ಪ್ರೀತಿಗೆ ನಿನ್ನ ಉತ್ತರ ಅಂದರು. ನಾನು ಏನು ಮಾಡಲಿ?

ಉತ್ತರ: ಅಕ್ಕ, ಮೊದಲು ನೀವೂ ಮಕ್ಕಳೂ ಹೊಡೆತ ಬೀಳದ ಜಾಗಕ್ಕೆ ಹೋಗಿ. ನಂಬಿಕೆಯ ಒಬ್ಬರಿಗೆ ಇವತ್ತೇ ವಿಷಯ ಹೇಳಿ, ಪೊಲೀಸರಿಗೂ ಮಹಿಳಾ ಸಹಾಯವಾಣಿಗೂ ಹೇಳಲು ಹಿಂಜರಿಯಬೇಡಿ. ಉಳಿದದ್ದನ್ನು ಅಲ್ಲಿ ತಲುಪಿದ ಮೇಲೆ ಓದಿಕೊಳ್ಳಿ.

ಆ ಹಿರಿಯರು ಹೇಳಿದ್ದು ತಪ್ಪು. ನಜರೇತಿನಲ್ಲಿ ಜನ ಯೇಸುಸ್ವಾಮಿಯನ್ನು ಬೆಟ್ಟದ ಅಂಚಿನಿಂದ ತಳ್ಳಲು ಎಳೆದೊಯ್ದಾಗ ಅವರು ಗುಂಪಿನ ನಡುವೆಯೇ ದಾಟಿ ಹೊರಟುಹೋದರು. ದೇವಾಲಯದಲ್ಲಿ ಕಲ್ಲು ಎತ್ತಿಕೊಂಡಾಗ ಮರೆಯಾದರು. ವಿಚಾರಣೆಯಲ್ಲಿ ಒಬ್ಬ ಕೆನ್ನೆಗೆ ಹೊಡೆದಾಗ ಸುಮ್ಮನಿರಲಿಲ್ಲ, ನಾನು ಸರಿಯಾದದ್ದನ್ನು ಆಡಿದ್ದರೆ ನನ್ನನ್ನು ಯಾಕೆ ಹೊಡೆಯುತ್ತೀ ಅಂತ ಕೇಳಿದರು. ಶಿಲುಬೆಯ ವಿಷಯದಲ್ಲಿ ಅವರೇ ಹೇಳಿದ ಮಾತು ಯೋಹಾನನ 10ನೇ ಅಧ್ಯಾಯದಲ್ಲಿದೆ: ನನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ. ನಿಮ್ಮಿಂದ ದಿನಾ ಕಿತ್ತುಕೊಳ್ಳುತ್ತಿರುವುದನ್ನು ತ್ಯಾಗ ಅಂತ ಕರೆಯುವ ಹಕ್ಕು ಯಾರಿಗೂ ಇಲ್ಲ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನುವ ಮಾತು ಯಾಜಕಕಾಂಡದ 19ನೇ ಅಧ್ಯಾಯದಲ್ಲಿ 18ನೇ ವಚನ. ಅದರ ಹಿಂದಿನದೇ, 17ನೆಯದು, ತಪ್ಪು ಮಾಡುವ ನೆರೆಯವನಿಗೆ ಮುಖಕ್ಕೇ ಹೇಳು, ಇಲ್ಲದಿದ್ದರೆ ಅವನ ಪಾಪದಲ್ಲಿ ನಿನಗೂ ಪಾಲು ಬರುತ್ತದೆ ಅನ್ನುತ್ತದೆ. ಆ ಹಿರಿಯರು ಅದನ್ನು ನಿಮ್ಮ ಗಂಡನಿಗೆ ಹೇಳಿದರಾ?

ಕ್ಷಮಿಸುವುದು ಬೇರೆ, ಆ ಮನೆಗೆ ವಾಪಸ್ ಹೋಗುವುದು ಬೇರೆ. ಮೊದಲನೆಯದಕ್ಕೆ ನಿಮಗೆ ಎಷ್ಟು ಕಾಲ ಬೇಕೋ ಅಷ್ಟು ತೆಗೆದುಕೊಳ್ಳಿ. ಎರಡನೆಯದನ್ನು ಯಾರ ಒತ್ತಾಯಕ್ಕೂ ಮಾಡಬೇಡಿ. ನಮ್ಮ ಕಚೇರಿಗೆ ಮತ್ತೆ ಬರೆಯಿರಿ, ದಯವಿಟ್ಟು.

ಪ್ರಶ್ನೆ: ಕೆರೆಯ ದಂಡೆಯ ಆ ಕತೆಯಲ್ಲೇ, ಬೆಳಗಾದ ಮೇಲೆ ಬಲೆಗೆ 153 ಮೀನು ಬಿದ್ದವು ಅಂತ ಇದೆ. ಅಷ್ಟು ಸರಿಯಾದ ಲೆಕ್ಕ ಯಾಕೆ? ಏನಾದರೂ ಗುಟ್ಟಿದೆಯಾ? (8ನೇ ತರಗತಿಯ ಓದುಗ)

ಉತ್ತರ: ಗುಟ್ಟು ಹುಡುಕಿದವರು ಬಹಳ ಜನ. 1ರಿಂದ 17ರವರೆಗಿನ ಸಂಖ್ಯೆಗಳನ್ನೆಲ್ಲ ಕೂಡಿಸಿದರೆ 153 ಬರುತ್ತದೆ, ಕೂಡಿಸಿ ನೋಡು. 17 ಅಂದರೆ ಹತ್ತು ಆಜ್ಞೆ, ಪವಿತ್ರಾತ್ಮನ ಏಳು ವರ ಅಂತ ಸಂತ ಅಗಸ್ಟೀನ್ ವಿವರಿಸಿದರು. ಮೀನಿನಲ್ಲಿ ಒಟ್ಟು 153 ಜಾತಿ ಇದೆ, ಹಾಗಾಗಿ ಎಲ್ಲ ಜಾತಿಯ ಜನ ಅಂತ ಅರ್ಥ ಅಂದರು ಸಂತ ಜೆರೋಮ್. ನನಗೆ ಹಿಡಿಸಿರುವ ಕಾರಣ ಇನ್ನೂ ಸರಳ. ಅವರು ಬೆಸ್ತರು. ಬೆಸ್ತರು ಹಂಚಿಕೊಳ್ಳುವ ಮೊದಲು ಎಣಿಸುತ್ತಾರೆ. ಅವತ್ತು ದೋಣಿಯಲ್ಲಿ ಏಳು ಜನ ಇದ್ದರು, ತಲೆಗೆ 21 ಬಂದು ಆರು ಮೀನು ಉಳಿಯುತ್ತದೆ. ಆ ಆರು ಯಾರಿಗೆ ಹೋಯಿತು ಅಂತ ಯೋಹಾನ ಬರೆದಿಲ್ಲ.